ಬಾಡಿಗೆ ಮನೆ ಎಷ್ಟು ಬೆಚ್ಚಗಿರಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಚಳಿ ದೇಶದಲ್ಲಿ ಬಾಡಿಗೆಗೆ ಇದ್ದೇವೆ, ಮನೆ ಬೆಚ್ಚಗಾಗುತ್ತಿಲ್ಲ, ಮಾಲೀಕರ ಹತ್ತಿರ ನಾವು ಎಷ್ಟು ಕೇಳಬಹುದು? ಬರೆದವರ ಹೆಸರು ಹಾಕಿಲ್ಲ. ಊರಿನ ಹೆಸರನ್ನು ಮಾತ್ರ ಬೇಕಾದಲ್ಲಿ ಉಳಿಸಿಕೊಂಡಿದ್ದೇವೆ, ಯಾಕೆಂದರೆ ಈ ನಿಯಮಗಳು ಊರಿಂದ ಊರಿಗೆ ಬದಲಾಗುತ್ತವೆ.

ಪ್ರಶ್ನೆ: ಮನೆಯೊಳಗೆ ಯಾವಾಗ ನೋಡಿದರೂ 15, 16 ಡಿಗ್ರಿ ಇರುತ್ತದೆ. ಮಾಲೀಕರನ್ನು ಕೇಳಿದರೆ "ಹೀಟರ್ ಕೊಟ್ಟಿದ್ದೀನಲ್ಲ, ಇನ್ನೇನು ಬೇಕು" ಅನ್ನುತ್ತಾರೆ. ಮನೆ ಇಷ್ಟು ಬೆಚ್ಚಗಿರಬೇಕು ಅಂತ ಎಲ್ಲಾದರೂ ಲೆಕ್ಕ ಇದೆಯಾ, ಅಥವಾ ಇದು ಅವರವರ ಒಳ್ಳೆಯತನಕ್ಕೆ ಬಿಟ್ಟದ್ದಾ?

ಉತ್ತರ: ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ವಸತಿ ಮತ್ತು ಆರೋಗ್ಯದ ಬಗ್ಗೆ ಒಂದು ಮಾರ್ಗಸೂಚಿ ತಂದಿತು. ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯ ಆರೋಗ್ಯದವರಿಗೆ ಸುರಕ್ಷಿತ, ವಯಸ್ಸಾದವರು, ಮಕ್ಕಳು, ದೀರ್ಘಕಾಲದ ಕಾಯಿಲೆ ಇರುವವರು ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು ಅಂತ ಅದರಲ್ಲಿದೆ. ಆ ಸಂಖ್ಯೆ ಸುಮ್ನೆ ಬಂದದ್ದಲ್ಲ. ಚಳಿ ಹೆಚ್ಚಾದಂತೆ ಚರ್ಮದ ಹತ್ತಿರದ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಜಾಸ್ತಿಯಾಗುತ್ತದೆ. ತಣ್ಣನೆ ಗಾಳಿ ಉಸಿರಾಡುತ್ತಿದ್ದರೆ ಅಸ್ತಮಾ ಇರುವವರಿಗೆ ತೊಂದರೆ ಕೂಡಲೇ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಮನೆಯ 15 ಡಿಗ್ರಿಯನ್ನು "ಸ್ವೆಟರ್ ಹಾಕಿಕೊಂಡರೆ ಆಯ್ತು" ಅಂತ ತಳ್ಳಿಹಾಕುವ ಹಾಗಿಲ್ಲ.

ಆದರೆ ಮಾರ್ಗಸೂಚಿ ಕಾನೂನಲ್ಲ. ನಿಮ್ಮ ಊರಿನ ಕಾನೂನು ಏನು ಹೇಳುತ್ತದೆ ಅನ್ನೋದೇ ಮುಖ್ಯ, ಮತ್ತು ಅದು ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಊರುಗಳು ಒಳಗಿನ ಉಷ್ಣಾಂಶವನ್ನೇ ಬರೆದಿಟ್ಟಿವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಸ್ಥಳೀಯ ನಿಯಮ ಬೇರೆ ಇಲ್ಲದ ಕಡೆ, ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಕನಿಷ್ಠ 20 ಡಿಗ್ರಿ ಇರಬೇಕು. ಟೊರಾಂಟೊ ನಗರದ ನಿಯಮದಲ್ಲಿ ಚಳಿಗಾಲಕ್ಕೆ 21. ಇಂಥ ಕಡೆ ಮಾಲೀಕರು ಹೀಟರ್ ಕೊಟ್ಟರೆ ಸಾಲದು, ಕೋಣೆ ಅಷ್ಟು ಬೆಚ್ಚಗಾಗಲೇಬೇಕು. ಇನ್ನು ಕೆಲವು ದೇಶಗಳು ಹೀಟರ್‌ನ ಶಕ್ತಿಗೆ ಗೆರೆ ಎಳೆಯುತ್ತವೆ. ನೀವು ಅದನ್ನು ಓಡಿಸಿದರೆ ಇಷ್ಟು ಡಿಗ್ರಿ ತಲುಪುವಂತಿರಬೇಕು, ಓಡಿಸೋದು ಬಿಡೋದು ನಿಮ್ಮ ಇಷ್ಟ. ಫ್ರಾನ್ಸ್‌ನಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೆ ಹೀಗೆ 18 ಡಿಗ್ರಿಯ ಗೆರೆ ಇದೆ. ಕ್ಯಾಲಿಫೋರ್ನಿಯಾದ ವಸತಿ ನಿಯಮದಲ್ಲಿ ನೆಲದಿಂದ 3 ಅಡಿ ಮೇಲೆ 70 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 21 ಸೆಲ್ಸಿಯಸ್ ತಲುಪಿಸಬಲ್ಲ ವ್ಯವಸ್ಥೆ ಬೇಕು ಅಂತ ಇದೆ. ಮೂರನೆಯ ಥರದ ಕಾನೂನು ಡಿಗ್ರಿಯ ಮಾತೇ ಆಡುವುದಿಲ್ಲ, ಮನೆ ವಾಸಕ್ಕೆ ಯೋಗ್ಯವಾಗಿರಬೇಕು, ಹೀಟಿಂಗ್ ಕೆಟ್ಟರೆ ರಿಪೇರಿ ಮಾಡಿಸಬೇಕು ಅನ್ನುತ್ತದೆ.

ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ. ನಗರಸಭೆಯ ವಸತಿ ವಿಭಾಗದ ಪುಟದಲ್ಲಿ ಅಥವಾ ಬಾಡಿಗೆದಾರರ ಸಂಘದಲ್ಲಿ ಸಿಗುತ್ತದೆ. ಆಮೇಲೆ ಮಾಲೀಕರ ಜೊತೆ ಮಾತಾಡುವಾಗ "ತುಂಬಾ ಚಳಿ" ಅನ್ನಬೇಡಿ. ಚಳಿ ಒಬ್ಬೊಬ್ಬರಿಗೆ ಒಂದೊಂದು ಥರ, ಆ ವಾದ ಮುಗಿಯುವುದೇ ಇಲ್ಲ. "ಹಾಲ್‌ನಲ್ಲಿ ನಿನ್ನೆ ರಾತ್ರಿ 8 ಗಂಟೆಗೆ 15 ಡಿಗ್ರಿ ಇತ್ತು, ನಿಯಮದ ಪ್ರಕಾರ 20 ಇರಬೇಕು" ಅನ್ನಿ. ಅದಕ್ಕೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಪ್ರಶ್ನೆ: ನ್ಯೂಯಾರ್ಕ್‌ನಲ್ಲಿ ಹಳೇ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್, ನೀರು ಕಾಯಿಸಿ ಎಲ್ಲ ಮನೆಗೂ ಬಿಸಿ ಕಳಿಸುವ ಯಂತ್ರ. ರಾತ್ರಿ 11ಕ್ಕೆ ಹೀಟ್ ನಿಂತುಬಿಡುತ್ತದೆ, ಬೆಳಗ್ಗೆ 7ರವರೆಗೆ ಬರೋದಿಲ್ಲ. "ರಾತ್ರಿ ಎಲ್ಲರೂ ರಜಾಯಿ ಹೊದ್ದು ಮಲಗಿರುತ್ತಾರೆ, ಯಾಕೆ ಬೇಕು" ಅನ್ನೋದು ಕಟ್ಟಡ ನೋಡಿಕೊಳ್ಳುವವರ ಮಾತು. ಇದು ಸರಿಯಾ?

ಉತ್ತರ: ಒಳಗಿನ ಡಿಗ್ರಿ ಎಷ್ಟಕ್ಕೆ ಇಳಿಯುತ್ತದೆ ಅನ್ನೋದರ ಮೇಲೆ ನಿಂತಿದೆ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಹೀಟ್ ಸೀಸನ್. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಾದರೆ ಒಳಗೆ ಕನಿಷ್ಠ 68 ಇರಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಎಷ್ಟೇ ಇರಲಿ, ಒಳಗೆ ಕನಿಷ್ಠ 62. ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ ಹಗಲು 20, ರಾತ್ರಿ ಸುಮಾರು 17. ಬಾಯ್ಲರ್ ರಾತ್ರಿ ನಿಂತರೂ ಗೋಡೆ, ಕಿಟಕಿ ಚೆನ್ನಾಗಿದ್ದು ಒಳಗೆ 62ಕ್ಕಿಂತ ಇಳಿಯದಿದ್ದರೆ ಅದು ತಪ್ಪಲ್ಲ. ಇಳಿದರೆ ತಪ್ಪು. ಬೆಳಗ್ಗೆ 6ರಿಂದ 7ರ ನಡುವಿನ ಒಂದು ಗಂಟೆ ಗಮನಿಸಿ, ಆಗ ಹಗಲಿನ ನಿಯಮ ಶುರುವಾಗಿರುತ್ತದೆ, 68 ಬೇಕು. ನೀವು ಬರೆದ ವೇಳಾಪಟ್ಟಿಯಲ್ಲಿ ನಿಯಮ ಮುರಿಯುವ ಸಾಧ್ಯತೆ ಜಾಸ್ತಿ ಇರೋದು ಅಲ್ಲೇ. ನಲ್ಲಿಯ ಬಿಸಿನೀರಿಗೂ ನಿಯಮ ಇದೆ, ವರ್ಷಪೂರ್ತಿ 120 ಡಿಗ್ರಿ ಫ್ಯಾರನ್‌ಹೀಟ್.

ಒಂದು ಸಾಧಾರಣ ಥರ್ಮಾಮೀಟರ್ ತನ್ನಿ. ಕೋಣೆಯ ಮಧ್ಯದಲ್ಲಿ, ನೆಲದಿಂದ ಮೂರಡಿ ಎತ್ತರದಲ್ಲಿಡಿ. ಕಿಟಕಿ ಹತ್ತಿರ ಇಟ್ಟರೆ ಕಡಿಮೆ ತೋರಿಸುತ್ತದೆ, ರೇಡಿಯೇಟರ್ (ಬಾಯ್ಲರ್‌ನ ಬಿಸಿಯನ್ನು ಕೋಣೆಗೆ ಬಿಡುವ ಕಬ್ಬಿಣದ ಪಟ್ಟಿ) ಹತ್ತಿರ ಇಟ್ಟರೆ ಜಾಸ್ತಿ ತೋರಿಸುತ್ತದೆ, ಎರಡೂ ಆಮೇಲೆ ತಕರಾರಿಗೆ ದಾರಿ. ರಾತ್ರಿ ಮಲಗುವ ಮುಂಚೆ, ಬೆಳಗ್ಗೆ ಎದ್ದಾಗ, ಸಾಧ್ಯವಾದರೆ ನಡುರಾತ್ರಿ ಒಮ್ಮೆ, ತಾರೀಖು ಗಂಟೆ ಸಮೇತ ಬರೆದಿಡಿ, ಹೊರಗಿನ ಉಷ್ಣಾಂಶವನ್ನೂ ಪಕ್ಕದಲ್ಲಿ ಬರೆಯಿರಿ, ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಮಾಲೀಕರಿಗೆ ಇಮೇಲ್ ಅಥವಾ ಮೆಸೇಜ್ ಮೂಲಕ ತಿಳಿಸಿ. ಫೋನಿನಲ್ಲಿ ಮಾತಾಡಿದ್ದರೂ ಅದಾದ ಮೇಲೆ "ಈಗ ಮಾತಾಡಿದ ಹಾಗೆ..." ಅಂತ ಒಂದು ಸಾಲು ಬರೆದು ಕಳಿಸಿ. ಸರಿಹೋಗದಿದ್ದರೆ ನಗರದ ಸಹಾಯವಾಣಿ 311ಕ್ಕೆ ದೂರು ಕೊಡಿ. ಪಕ್ಕದ ಮನೆಯವರೂ ಬೇರೆಬೇರೆಯಾಗಿ ದೂರು ಕೊಟ್ಟರೆ ಒಳ್ಳೆಯದು, ಬಾಯ್ಲರ್ ಎಲ್ಲರಿಗೂ ಒಂದೇ ಅಲ್ವಾ. ನಗರದ ವಸತಿ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಅಳೆದು ಕಡಿಮೆ ಕಂಡರೆ ಅದನ್ನು ಕೂಡಲೇ ಅಪಾಯ ತರುವ ದರ್ಜೆಯ ಉಲ್ಲಂಘನೆ ಅಂತ ದಾಖಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹೌಸಿಂಗ್ ಕೋರ್ಟ್‌ನಲ್ಲಿ ರಿಪೇರಿಗೆ ಆದೇಶ ಕೇಳಿ ಬಾಡಿಗೆದಾರರೇ ಕೇಸ್ ಹಾಕಬಹುದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ಹೀಟ್ ಬರದ ರಾತ್ರಿಗಳಿಗೆ ಎಲ್ಲರೂ ಚಿಕ್ಕ ಎಲೆಕ್ಟ್ರಿಕ್ ಹೀಟರ್ ತಂದಿಟ್ಟುಕೊಳ್ಳುತ್ತಾರೆ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 2022ರ ಜನವರಿ 9ರಂದು ಒಂದು ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು, 17 ಜನ ಸತ್ತರು. ಬೆಂಕಿ ಶುರುವಾದದ್ದು ಕೆಟ್ಟ ಎಲೆಕ್ಟ್ರಿಕ್ ಹೀಟರ್ ಒಂದರಿಂದ. ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಬಾಗಿಲುಗಳು ಮುಚ್ಚದೆ ಹೊಗೆ ಮೇಲಿನ ಮಹಡಿಗಳಿಗೆಲ್ಲ ಹೋಯಿತು. ಹೀಟರ್ ಇಡಲೇಬೇಕಾದರೆ ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಹಾಸಿಗೆ, ಪರದೆಯಿಂದ ಕನಿಷ್ಠ ಮೂರಡಿ ದೂರ ಇರಲಿ. ಮಲಗುವಾಗ ಆಫ್ ಮಾಡಿ. ಅದು ಎರಡು ದಿನದ ಪರದಾಟಕ್ಕೆ ಇರುವ ವಸ್ತು, ಇಡೀ ಚಳಿಗಾಲ ಅದರ ಮೇಲೆ ಬಿಟ್ಟುಬಿಡಬೇಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಇದ್ದೇವೆ. ಬಾಯ್ಲರ್ ಕೆಟ್ಟು ಬಹಳ ದಿನ ಆಯಿತು. "ಪಾರ್ಟ್ ಬರಬೇಕು" ಅಂತಲೇ ಹೇಳುತ್ತಿದ್ದಾರೆ. ಸರಿಯಾಗುವವರೆಗೆ ಬಾಡಿಗೆ ನಿಲ್ಲಿಸಬಹುದಾ?

ಉತ್ತರ: ನಿಲ್ಲಿಸಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಬಾಡಿಗೆ ನಿಂತ ದಿನದಿಂದ ಲೆಕ್ಕದಲ್ಲಿ ತಪ್ಪಿತಸ್ಥರು ನೀವಾಗುತ್ತೀರಿ. ಬಾಕಿ ಬಾಡಿಗೆ ತೋರಿಸಿ ಮನೆ ಖಾಲಿ ಮಾಡಿಸಲು ಅವರಿಗೇ ಕಾರಣ ಸಿಗುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ರಿಪೇರಿ ಮಾಡಿಸಿ ಆ ಹಣವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಅವಕಾಶ ಇದೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ತಿಂಗಳ ಬಾಡಿಗೆ ಮೀರದಂತೆ, 12 ತಿಂಗಳಲ್ಲಿ ಎರಡು ಸಲ ಮಾತ್ರ. ಅಂಥದ್ದನ್ನು ಎಲ್ಲೋ ಓದಿ ಇಂಗ್ಲೆಂಡಿನಲ್ಲಿ ಮಾಡಲು ಹೋದರೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ನಿಮ್ಮ ಕೈಯಲ್ಲಿ ಬೇರೆ ಅಸ್ತ್ರ ಇವೆ, ಗಟ್ಟಿಯಾದವೇ. 1985ರ ಮಾಲೀಕ-ಬಾಡಿಗೆದಾರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಕೋಣೆ ಬಿಸಿ ಮಾಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ರಿಪೇರಿಯಲ್ಲಿ, ಕೆಲಸ ಮಾಡುವ ಸ್ಥಿತಿಯಲ್ಲಿ ಇಡುವುದು ಮಾಲೀಕರ ಹೊಣೆ. ಅಗ್ರಿಮೆಂಟ್‌ನಲ್ಲಿ ಬೇರೆ ಏನೇ ಬರೆಸಿಕೊಂಡಿದ್ದರೂ ಆ ಹೊಣೆಯನ್ನು ನಿಮ್ಮ ಮೇಲೆ ಹಾಕಲು ಬರುವುದಿಲ್ಲ. ಆದರೆ ನೀವು ತಿಳಿಸಿದ ಮೇಲೆಯೇ ಅವರ ಗಡಿಯಾರ ಓಡಲು ಶುರು, ಅದಕ್ಕೇ ಬರೆದು ತಿಳಿಸಬೇಕು ಅನ್ನೋದು. ಆಮೇಲೆ ಅವರಿಗೆ "ಸೂಕ್ತ ಸಮಯ" ಸಿಗುತ್ತದೆ. ಎಷ್ಟು ದಿನ ಅಂತ ಕಾಯ್ದೆಯಲ್ಲಿ ಬರೆದಿಲ್ಲ, ಆದರೆ ನಡುಚಳಿಗಾಲದಲ್ಲಿ, ಮನೆಯಲ್ಲಿ ಮಗುವೋ ಹಿರಿಯರೋ ಇರುವಾಗ, ಆ ಸಮಯ ತುಂಬಾ ಕಡಿಮೆ. ಪಾರ್ಟ್ ಬರುವುದು ನಿಜವಾಗಿಯೂ ತಡವಾದರೆ ಅಲ್ಲಿವರೆಗೆ ಎಲೆಕ್ಟ್ರಿಕ್ ಹೀಟರ್‌ಗಳನ್ನು ಕೊಡಿ, ಅದರ ಕರೆಂಟ್ ಖರ್ಚಿಗೆ ಇಷ್ಟು ಕೊಡಿ ಅಂತ ಬರವಣಿಗೆಯಲ್ಲೇ ಕೇಳಿ. ಒಳ್ಳೆಯ ಮಾಲೀಕರು ಕೇಳುವ ಮುಂಚೆಯೇ ತಂದುಕೊಡುತ್ತಾರೆ.

2018ರ ಇನ್ನೊಂದು ಕಾಯ್ದೆ, ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಅನ್ನುವುದು, 2020ರ ಮಾರ್ಚ್‌ನಿಂದ ಹಳೇ ಅಗ್ರಿಮೆಂಟ್‌ಗಳಿಗೂ ಅನ್ವಯ. ಅದರಡಿ ನೀವೇ ಕೋರ್ಟಿಗೆ ಹೋಗಬಹುದು. ಅದಕ್ಕಿಂತ ಸುಲಭದ ದಾರಿ ಸ್ಥಳೀಯ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗ. 2004ರ ವಸತಿ ಕಾಯ್ದೆಯಂತೆ ಅವರು ಬಂದು ಮನೆಯ ಅಪಾಯಗಳನ್ನು ಅಳೆಯುತ್ತಾರೆ, ಅವುಗಳಲ್ಲಿ "ಅತಿಯಾದ ಚಳಿ" ಅನ್ನೋದೂ ಒಂದು. ಮೊದಲ ದರ್ಜೆಯ ಅಪಾಯ ಅಂತ ಕಂಡರೆ ಕೌನ್ಸಿಲ್ ಕ್ರಮ ತಗೊಳ್ಳಲೇಬೇಕು, ನೋಡೋಣ ಅನ್ನುವ ಹಾಗಿಲ್ಲ.

ಬಾಯ್ಲರ್ ಗ್ಯಾಸಿನದ್ದಾದರೆ ವರ್ಷಕ್ಕೊಮ್ಮೆ ನೋಂದಾಯಿತ ಎಂಜಿನಿಯರ್ ಕೈಲಿ ಪರೀಕ್ಷೆ ಮಾಡಿಸಿ, ಅದರ ದಾಖಲೆ ನಿಮಗೆ ಕೊಡಬೇಕು. ಕೊಟ್ಟಿದ್ದಾರಾ? ಇಲ್ಲದಿದ್ದರೆ ಈಗಲೇ ಕೇಳಿ. 2022ರ ಅಕ್ಟೋಬರ್ 1ರಿಂದ ಇಂಥ ಬಾಯ್ಲರ್ ಇರುವ ವಾಸದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಇರಬೇಕು.

ಪ್ರಶ್ನೆ: ಹೀಟಿಂಗ್ ಇಲ್ಲದ ದಿನ ಗ್ಯಾಸ್ ಒಲೆ ಹಚ್ಚಿಟ್ಟು ಅಡುಗೆಮನೆಯಲ್ಲಿ ಕೂರುತ್ತೇವೆ. ಪರವಾಗಿಲ್ಲವಾ?

ಉತ್ತರ: ಬೇಡ. ಗ್ಯಾಸ್ ಒಲೆ, ಓವನ್, ಇದ್ದಿಲು, ಯಾವುದನ್ನೂ ಮನೆ ಬಿಸಿಮಾಡಲು ಬಳಸಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಶುರುವಿನಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ. ಜ್ವರ ಬರುತ್ತಿದೆ ಅಂದುಕೊಂಡು ಮಲಗಿದವರು ಏಳದೇ ಹೋಗಬಹುದು. ಹಾಗೆ ಅನಿಸಿದರೆ ಎಲ್ಲರೂ ಕೂಡಲೇ ಹೊರಗೆ ಬನ್ನಿ, ತುರ್ತು ಸೇವೆಗೆ ಫೋನ್ ಮಾಡಿ.

ಪ್ರಶ್ನೆ: ಆಕ್ಲೆಂಡ್‌ನಲ್ಲಿ ಬಾಡಿಗೆ ಮನೆ. ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಬ್ಬುತ್ತಿದೆ, ಮಗನಿಗೆ ಕೆಮ್ಮು ನಿಲ್ಲುತ್ತಿಲ್ಲ. ನಾವು ಒಳಗೆ ಬಟ್ಟೆ ಒಣಗಿಸುತ್ತೇವೆ, ಅದಕ್ಕೇ ಬೂಷ್ಟು ಅಂತ ಏಜೆಂಟ್ ನಮ್ಮ ಮೇಲೆ ಹಾಕುತ್ತಿದ್ದಾರೆ.

ಉತ್ತರ: ಈ ಮಾತನ್ನು ಕೇಳದ ಬಾಡಿಗೆದಾರರು ಕಡಿಮೆ. ಅರ್ಧ ನಿಜ ಇರೋದರಿಂದ ತಕ್ಷಣ ಉತ್ತರ ಹೊಳೆಯುವುದಿಲ್ಲ, ಹಾಗಾಗಿ ಬೂಷ್ಟು ಹೇಗೆ ಬರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗಾಳಿ ಬೆಚ್ಚಗಿದ್ದಷ್ಟೂ ಅದರಲ್ಲಿ ನೀರಾವಿ ಜಾಸ್ತಿ ಹಿಡಿಯುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ. 60 ಇದೆ ಅಂದುಕೊಳ್ಳಿ. ಅದೇ ಗಾಳಿ, ಒಂದು ಹನಿ ನೀರೂ ಸೇರದೆ, 16 ಡಿಗ್ರಿಗೆ ತಣ್ಣಗಾದರೆ ತೇವಾಂಶ ಸುಮಾರು ಶೇ. 77ಕ್ಕೆ ಏರುತ್ತದೆ. 12 ಡಿಗ್ರಿಯ ಗೋಡೆಗೆ ತಾಗಿದರೆ ನೀರಾಗಿ ಕೂರುತ್ತದೆ. ಬೂಷ್ಟಿಗೆ ನೀರಿನ ಹನಿಯೂ ಬೇಕಿಲ್ಲ, ಗೋಡೆಯ ಮೇಲ್ಮೈಯಲ್ಲಿ ತೇವಾಂಶ ಶೇ. 80ರ ಹತ್ತಿರ ಬಹುಕಾಲ ನಿಂತರೆ ಸಾಕು. ಅದಕ್ಕೇ ಅದು ಹೊರಗೋಡೆಯ ಮೂಲೆಯಲ್ಲಿ, ಬೀರುವಿನ ಹಿಂದೆ, ಕಿಟಕಿಯ ಅಂಚಿನಲ್ಲಿ ಮೊದಲು ಕಾಣಿಸುವುದು. ಮನೆಯಲ್ಲಿ ಅತಿ ತಣ್ಣಗಿರುವ ಜಾಗಗಳು ಅವೇ.

ಅಂದರೆ ಬೂಷ್ಟಿಗೆ ಬೇಕಾದ್ದು ಎರಡು, ಗಾಳಿಯಲ್ಲಿ ತೇವ ಮತ್ತು ತಣ್ಣನೆ ಗೋಡೆ. ಬಟ್ಟೆ ಒಣಗಿಸುವುದು ತೇವವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಮನುಷ್ಯರು ಉಸಿರಾಡುತ್ತಾರೆ, ಅಡುಗೆ ಮಾಡುತ್ತಾರೆ, ಸ್ನಾನ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ. ಇದನ್ನೆಲ್ಲ ತಡೆದುಕೊಳ್ಳಲು ಆಗದ ಮನೆಯನ್ನು ಬಾಡಿಗೆಗೆ ಕೊಡಬಾರದು. ಆ ತೇವ ಹೊರಗೆ ಹೋಗುವ ದಾರಿ ಮತ್ತು ಗೋಡೆ ತಣ್ಣಗಾಗದಂತೆ ನೋಡಿಕೊಳ್ಳುವ ಹೊದಿಕೆ, ಎರಡೂ ಕಟ್ಟಡದ ಕೆಲಸ, ಅಂದರೆ ಮಾಲೀಕರ ಕೆಲಸ.

ನ್ಯೂಜಿಲೆಂಡ್‌ನಲ್ಲಿ ಇದು ನನ್ನ ಅಭಿಪ್ರಾಯ ಅಷ್ಟೇ ಅಲ್ಲ, ಕಾನೂನೇ ಹಾಗಿದೆ. 2019ರ ಆರೋಗ್ಯಕರ ಮನೆ ಮಾನದಂಡಗಳು 2025ರ ಜುಲೈ 1ರಿಂದ ಎಲ್ಲ ಬಾಡಿಗೆ ಮನೆಗೂ ಅನ್ವಯ. ಮುಖ್ಯ ಹಾಲ್‌ನಲ್ಲಿ 18 ಡಿಗ್ರಿಗೆ ತಲುಪಿಸಬಲ್ಲ, ಗೋಡೆಗೋ ನೆಲಕ್ಕೋ ಜೋಡಿಸಿದ ಹೀಟರ್ ಇರಬೇಕು. ಚಾವಣಿ ಮತ್ತು ನೆಲದಡಿ ಶಾಖ ಸೋರದಂತೆ ಇನ್ಸುಲೇಷನ್ ಇರಬೇಕು. ಅಡುಗೆಮನೆ, ಬಚ್ಚಲುಮನೆಗೆ ಹೊರಗೆ ಗಾಳಿ ತಳ್ಳುವ ಫ್ಯಾನ್ ಬೇಕು. ನೀರು ಹರಿದುಹೋಗುವ ವ್ಯವಸ್ಥೆ ಸರಿಯಿರಬೇಕು, ಅನಗತ್ಯ ಬಿರುಕುಗಳನ್ನು ಮುಚ್ಚಿರಬೇಕು. ಮನೆ ಇವನ್ನೆಲ್ಲ ಹೇಗೆ ಪೂರೈಸುತ್ತದೆ ಅಂತ ಅಗ್ರಿಮೆಂಟ್ ಜೊತೆಗೇ ಒಂದು ಹೇಳಿಕೆ ಇರಬೇಕು. ಅದನ್ನು ತೆಗೆದು ಓದಿ. ಫ್ಯಾನ್ ಇದೆ ಅಂತ ಬರೆದು ಅದು ತಿರುಗದಿದ್ದರೆ, ಹೀಟರ್ ಚಿಕ್ಕದಾಗಿದ್ದರೆ, ಸರಿಪಡಿಸಲು 14 ದಿನದ ನೋಟಿಸ್ ಕೊಡಬಹುದು, ಆಮೇಲೂ ಆಗದಿದ್ದರೆ ಬಾಡಿಗೆ ತಕರಾರು ತೀರ್ಮಾನಿಸುವ ಟೆನೆನ್ಸಿ ಟ್ರಿಬ್ಯುನಲ್‌ಗೆ ಹೋಗಬಹುದು. ಒಂದು ತೊಡಕು ಇದೆ. ಹೀಟರ್‌ನ ನಿಯಮ ಹಾಲ್‌ಗೆ ಮಾತ್ರ, ಮಲಗುವ ಕೋಣೆಗೆ ಇಲ್ಲ. ಇದು ಆ ಕಾನೂನಿನ ದೊಡ್ಡ ಕೊರತೆ ಅಂತ ನನಗನಿಸುತ್ತದೆ, ಮಕ್ಕಳು ರಾತ್ರಿಯೆಲ್ಲ ಉಸಿರಾಡುವುದು ಆ ಕೋಣೆಯ ಗಾಳಿಯನ್ನೇ ಅಲ್ವಾ. ಹಾಗಾಗಿ ನಿಮ್ಮ ದೂರಿನಲ್ಲಿ ಇನ್ಸುಲೇಷನ್, ಫ್ಯಾನ್, ತೇವ ಇವುಗಳ ಮೇಲೆ ಒತ್ತು ಕೊಡಿ.

ನಿಮ್ಮ ಕಡೆಯಿಂದ ಆಗುವುದನ್ನೂ ಮಾಡಿ, ವಾದಕ್ಕೂ ಒಳ್ಳೆಯದು, ಮಗನಿಗೂ ಒಳ್ಳೆಯದು. ಬಟ್ಟೆಯನ್ನು ಕಿಟಕಿ ಇರುವ ಒಂದೇ ಕೋಣೆಯಲ್ಲಿ, ಬಾಗಿಲು ಮುಚ್ಚಿ ಒಣಗಿಸಿ. ಬೀರುವನ್ನು ಹೊರಗೋಡೆಯಿಂದ ಸ್ವಲ್ಪ ಈಚೆ ಎಳೆಯಿರಿ. ತೇವಾಂಶ ತೋರಿಸುವ ಮೀಟರ್ ಒಂದಿಟ್ಟು ಡಿಗ್ರಿ ಜೊತೆಗೆ ಅದನ್ನೂ ಬರೆದಿಡಿ. ಮಗನನ್ನು ವೈದ್ಯರಿಗೆ ತೋರಿಸಿ, ಮನೆಯಲ್ಲಿ ಬೂಷ್ಟು ಇರುವ ವಿಷಯ ಹೇಳಿ, ಅವರು ಅದನ್ನು ಚೀಟಿಯಲ್ಲಿ ಬರೆದರೆ ನಿಮ್ಮ ದೂರಿಗೆ ತೂಕ ಬರುತ್ತದೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದಾದ ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ತಂದೆತಾಯಿ ಮತ್ತೆಮತ್ತೆ ದೂರು ಕೊಟ್ಟಿದ್ದರು. ಆ ಮಗುವಿನ ಹೆಸರಿನಲ್ಲೇ ಬಂದ ಕಾನೂನು 2025ರ ಅಕ್ಟೋಬರ್‌ನಿಂದ ಅಲ್ಲಿನ ಸಾಮಾಜಿಕ ವಸತಿಗಳಿಗೆ, ಅಂದರೆ ಕೌನ್ಸಿಲ್ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಯಲ್ಲಿದೆ. ತುರ್ತು ಅಪಾಯವಾದರೆ 24 ಗಂಟೆಯೊಳಗೆ ಕೈಹಾಕಬೇಕು ಅನ್ನುತ್ತದೆ ಅದು. ನಿಮ್ಮ ಮಗನ ಕೆಮ್ಮನ್ನು ಏಜೆಂಟ್ ಹಗುರ ಮಾಡಲು ಬಿಡಬೇಡಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ಮೇಲಿನ ಮಹಡಿಯ ಮನೆ. ರೇಡಿಯೇಟರ್ ಪೂರ್ತಿ ತಿರುಗಿಸಿದರೂ 17 ಡಿಗ್ರಿ ದಾಟುವುದಿಲ್ಲ. ಕೆಳಗಿನವರ ಮನೆ ಬೆಚ್ಚಗಿದೆ. ಆದರೆ ವರ್ಷದ ಹೀಟಿಂಗ್ ಬಿಲ್ ಮಾತ್ರ ನಮಗೂ ಜೋರಾಗಿಯೇ ಬಂದಿದೆ.

ಉತ್ತರ: ಮೊದಲು ರೇಡಿಯೇಟರ್ ಮುಟ್ಟಿ ನೋಡಿ. ಕೆಳಗೆ ಬಿಸಿ, ಮೇಲೆ ತಣ್ಣಗೆ ಇದ್ದರೆ ಒಳಗೆ ಗಾಳಿ ಸೇರಿಕೊಂಡಿದೆ. ಗಾಳಿ ಮೇಲಕ್ಕೇ ಹೋಗುವುದರಿಂದ ಮೇಲಿನ ಮಹಡಿಯಲ್ಲಿ ಇದು ಸಾಮಾನ್ಯ, ಪಕ್ಕದ ಚಿಕ್ಕ ವಾಲ್ವ್‌ನಿಂದ ಗಾಳಿ ಬಿಟ್ಟರೆ ಸರಿಹೋಗುತ್ತದೆ. ಮೇಲೆ ಬಿಸಿ, ಕೆಳಗೆ ತಣ್ಣಗೆ ಇದ್ದರೆ ಕೆಸರು ಕೂತಿರಬಹುದು. ಇಡೀ ರೇಡಿಯೇಟರ್ ಉಗುರುಬೆಚ್ಚಗೆ ಮಾತ್ರ ಇದ್ದರೆ ಬಿಸಿನೀರು ಕೆಳಗಿನ ಮನೆಗಳಲ್ಲೇ ಖರ್ಚಾಗಿ ನಿಮ್ಮವರೆಗೆ ಸಾಕಷ್ಟು ಬರುತ್ತಿಲ್ಲ. ಇಡೀ ಕಟ್ಟಡದ ನೀರಿನ ಹರಿವನ್ನು ಸಮ ಮಾಡಬೇಕು, ಅದು ಮಾಲೀಕರು ಕರೆಸುವ ತಂತ್ರಜ್ಞರ ಕೆಲಸ.

ಜರ್ಮನಿಯಲ್ಲಿ ಇಷ್ಟೇ ಡಿಗ್ರಿ ಅಂತ ಕಾಯ್ದೆಯಲ್ಲಿ ಬರೆದಿಲ್ಲ. ಆದರೆ ಕೋರ್ಟ್ ತೀರ್ಪುಗಳಿಂದ ಒಂದು ರೂಢಿ ಬೆಳೆದಿದೆ. ಅಕ್ಟೋಬರ್‌ನಿಂದ ಏಪ್ರಿಲ್ ಕೊನೆಯವರೆಗೆ ವಾಸದ ಕೋಣೆಯಲ್ಲಿ ಹಗಲು 20ರಿಂದ 22, ರಾತ್ರಿ 18ರ ಆಸುಪಾಸು. ನಿಮ್ಮ 17 ಹಗಲಿನದ್ದಾದರೆ ಅದು ಕೊರತೆಯೇ. ಸಿವಿಲ್ ಸಂಹಿತೆಯ 536ನೇ ಕಲಂ ಪ್ರಕಾರ ಮನೆಯಲ್ಲಿ ಕೊರತೆ ಇರುವಷ್ಟು ಕಾಲ ಬಾಡಿಗೆ ಕಾನೂನಿನಂತೆಯೇ ಕಡಿಮೆಯಾಗುತ್ತದೆ. ಆದರೆ ನೀವು ಕೊರತೆಯನ್ನು ತಿಳಿಸಿರಬೇಕು, ಮತ್ತು ಶೇಕಡಾ ಎಷ್ಟು ಅನ್ನೋದು ಪ್ರತಿ ಪ್ರಕರಣಕ್ಕೂ ಬೇರೆ. ನೀವಾಗಿ ಅಂದಾಜು ಮಾಡಿ ಜಾಸ್ತಿ ಕಡಿದರೆ ಬಾಕಿದಾರರಾಗುತ್ತೀರಿ. ಪೂರ್ತಿ ಬಾಡಿಗೆ ಕಟ್ಟುತ್ತಲೇ, "ಹಕ್ಕು ಕಾಯ್ದಿರಿಸಿ ಕಟ್ಟುತ್ತಿದ್ದೇನೆ" ಅಂತ ಬರೆದು ಕಳಿಸಿ, ಬಾಡಿಗೆದಾರರ ಸಂಘದ ವಕೀಲರನ್ನು ಕೇಳಿ, ಆಮೇಲೆ ವಾಪಸ್ ಕೇಳುವುದು ಸುರಕ್ಷಿತ ದಾರಿ.

ಬಿಲ್ ವಿಷಯ: ಇಡೀ ಕಟ್ಟಡಕ್ಕೆ ಒಂದೇ ಹೀಟಿಂಗ್ ಇದ್ದರೆ ಖರ್ಚಿನ ಶೇ. 50ರಿಂದ 70 ಭಾಗವನ್ನು ಅವರವರ ಬಳಕೆ ಅಳೆದು ಹಂಚಬೇಕು, ಉಳಿದದ್ದು ಸಾಮಾನ್ಯವಾಗಿ ಮನೆಯ ವಿಸ್ತೀರ್ಣದ ಮೇಲೆ. ಹಾಗಾಗಿ ಕಡಿಮೆ ಬಳಸಿದರೂ ಒಂದು ಪಾಲು ಬಂದೇ ಬರುತ್ತದೆ. ಬಳಕೆ ಅಳೆಯದೆ ಸುಮ್ನೆ ಹಂಚಿದ್ದರೆ ನಿಮ್ಮ ಪಾಲಿನಲ್ಲಿ ಶೇ. 15 ಕಡಿತ ಮಾಡುವ ಹಕ್ಕು ನಿಮಗಿದೆ. ಲೆಕ್ಕದ ಅವಧಿ ಮುಗಿದು 12 ತಿಂಗಳ ಮೇಲೆ ಬಿಲ್ ಕೈಸೇರಿದ್ದರೆ, ತಡವಾಗಿದ್ದಕ್ಕೆ ಮಾಲೀಕರೇ ಕಾರಣರಾದರೆ, ಹೆಚ್ಚುವರಿ ಹಣ ಕೇಳುವಂತಿಲ್ಲ. ಬಿಲ್‌ನ ಮೂಲ ದಾಖಲೆ ನೋಡಲು ಕೇಳಿ.

ಪ್ರಶ್ನೆ: ನಮ್ಮ ಮನೆಯ ಥರ್ಮೋಸ್ಟಾಟ್ (ಹೀಟಿಂಗ್ ಎಷ್ಟು ಡಿಗ್ರಿಗೆ ಓಡಬೇಕು ಅಂತ ಹೊಂದಿಸುವ ಸ್ವಿಚ್) ಮಾಲೀಕರ ಮನೆಯಲ್ಲಿದೆ. ಅವರು ಊರಿಗೆ ಹೋದರೆ ಆಫ್ ಮಾಡಿ ಹೋಗುತ್ತಾರೆ.

ಉತ್ತರ: ಯಾವ ಊರು ಅಂತ ಬರೆದಿಲ್ಲ. ಐರ್ಲೆಂಡ್ ಆಗಿದ್ದರೆ 2019ರ ಬಾಡಿಗೆ ಮನೆ ನಿಯಮದಲ್ಲಿ ಹೀಟಿಂಗ್ ಬಾಡಿಗೆದಾರರ ನಿಯಂತ್ರಣದಲ್ಲಿರಬೇಕು ಅಂತಲೇ ಇದೆ. ಡಿಗ್ರಿಯ ನಿಯಮ ಇರುವ ಊರಲ್ಲಿ ಥರ್ಮೋಸ್ಟಾಟ್ ಎಲ್ಲೇ ಇರಲಿ, ನಿಮ್ಮ ಕೋಣೆಯಲ್ಲಿ ಅಷ್ಟು ಡಿಗ್ರಿ ಇರಬೇಕಾದ ಹೊಣೆ ಅವರದು. ಎರಡೂ ಇಲ್ಲದಿದ್ದರೂ ಹೀಟಿಂಗ್ ಬೇಕೆಂದೇ ನಿಲ್ಲಿಸುವುದನ್ನು ಬಹಳ ಕಡೆ ಬಾಡಿಗೆದಾರರಿಗೆ ಕಿರುಕುಳ ಅಂತಲೇ ನೋಡುತ್ತಾರೆ.

ಪ್ರಶ್ನೆ: ಅಮ್ಮ ನಮ್ಮ ಜೊತೆ ಇದ್ದಾರೆ, 78 ವರ್ಷ. ಕೈಯಲ್ಲಿ ಹಸುಗೂಸೂ ಇದೆ. ಅಮ್ಮ ಹೀಟಿಂಗ್ ಜಾಸ್ತಿ ಮಾಡು ಅಂತಾರೆ, ನರ್ಸ್ ಕಡಿಮೆ ಮಾಡಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಸರಿ, ಕೋಣೆ ಬೇರೆ ಮಾಡಿ. ಅಮ್ಮ ಕೂರುವ ಕೋಣೆ 20, 21 ಇರಲಿ. ವಯಸ್ಸಾದವರಿಗೆ ಚಳಿ ಆಗುತ್ತಿರುವುದು ಕೆಲವೊಮ್ಮೆ ಅವರಿಗೇ ಗೊತ್ತಾಗುವುದಿಲ್ಲ, ಮೈ ನಡುಗುವುದೂ ಕಡಿಮೆ, ಹಾಗಾಗಿ ಅವರು ಬಾಯಿಬಿಟ್ಟು ಕೇಳುತ್ತಿದ್ದಾರೆ ಅಂದರೆ ಮಾತು ಕೇಳಿ. ಮಗು ಮಲಗುವ ಕೋಣೆಗೆ ಬ್ರಿಟನ್ನಿನ ಸಲಹೆ 16ರಿಂದ 20 ಡಿಗ್ರಿ, ಹಗುರ ಹೊದಿಕೆಯ ಜೊತೆ. ಹಸುಗೂಸಿಗೆ ಅತಿ ಬಿಸಿ ಕೂಡ ಅಪಾಯ. ಮಗುವಿನ ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಹೊದಿಕೆ ತೆಗೆಯಿರಿ. ಅಂಗೈ ತಣ್ಣಗಿರುವುದು ಸಹಜ, ಅದನ್ನು ನೋಡಿ ಹೀಟರ್ ಏರಿಸಬೇಡಿ. ಮಾಲೀಕರಿಗೆ ಬರೆಯುವಾಗ ಮನೆಯಲ್ಲಿ ಇವರಿಬ್ಬರು ಇದ್ದಾರೆ ಅಂತ ಖಂಡಿತ ತಿಳಿಸಿ, ರಿಪೇರಿ ಎಷ್ಟು ತುರ್ತು ಅಂತ ಕೌನ್ಸಿಲ್ ಆಗಲಿ ಕೋರ್ಟ್ ಆಗಲಿ ತೂಗುವಾಗ ಅದು ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಮನೆ ನೋಡುತ್ತಿದ್ದೇವೆ. ಚಳಿಗಾಲದಲ್ಲಿ ಹೇಗಿರುತ್ತದೆ ಅಂತ ಈಗಲೇ ಗೊತ್ತುಮಾಡಿಕೊಳ್ಳೋದು ಹೇಗೆ?

ಉತ್ತರ: ಸೆಖೆಯ ದಿನವೇ ಆದರೂ ಹೀಟಿಂಗ್ ಹಾಕಿಸಿ ನೋಡಿ. ಸಂಕೋಚ ಬೇಡ, ಹತ್ತು ನಿಮಿಷದ ಕೆಲಸ. ಪ್ರತಿ ರೇಡಿಯೇಟರ್ ಮುಟ್ಟಿ. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಮೂಲೆ ಕಂಡರೆ ಅಲ್ಲೇನಿತ್ತು ಅಂತ ಕೇಳಿ. ಕಿಟಕಿಯ ಗಾಜು ಒಂಟಿಯೋ ಜೋಡಿಯೋ ನೋಡಿ, ಕಿಟಕಿಯ ಅಂಚಿನ ರಬ್ಬರ್‌ನಲ್ಲಿ ಕಪ್ಪು ಚುಕ್ಕೆ ಇದೆಯಾ ನೋಡಿ. ಹಿಂದಿನ ಚಳಿಗಾಲದ ಬಿಲ್ ತೋರಿಸಿ ಅನ್ನಿ.

ಯುರೋಪಿನ ಬಹಳ ದೇಶಗಳಲ್ಲಿ ಮನೆಗೆ ಎನರ್ಜಿ ಪ್ರಮಾಣಪತ್ರ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಅದರಲ್ಲಿ ಮನೆಗೆ ದರ್ಜೆ ಕೊಟ್ಟಿರುತ್ತಾರೆ, ಎ ಅಂದರೆ ಅತಿ ಒಳ್ಳೆಯದು, ಜಿ ಕಡೆಗೆ ಹೋದಷ್ಟೂ ಕಳಪೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಾಮಾನ್ಯವಾಗಿ ಇ ದರ್ಜೆಗಿಂತ ಕೆಳಗಿನ ಮನೆಯನ್ನು ವಿನಾಯಿತಿ ಇಲ್ಲದೆ ಬಾಡಿಗೆಗೆ ಕೊಡುವಂತಿಲ್ಲ. ಫ್ರಾನ್ಸ್‌ನಲ್ಲಿ 2025ರ ಜನವರಿ 1ರಿಂದ ಜಿ ದರ್ಜೆಯ ಮನೆಗೆ ಹೊಸ ಅಗ್ರಿಮೆಂಟ್ ಮಾಡುವಂತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಮಾರ್ಚ್ 29ರ ನಂತರದ ಅಗ್ರಿಮೆಂಟ್‌ಗಳಿಗೆ ಮುಖ್ಯ ಹಾಲ್‌ನಲ್ಲಿ ಜೋಡಿಸಿದ, ಕೆಲಸ ಮಾಡುವ ಹೀಟರ್ ಇರಲೇಬೇಕು.

ಹೀಟಿಂಗ್ ಖರ್ಚು ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ, ಥರ್ಮೋಸ್ಟಾಟ್ ಯಾರ ಕೈಯಲ್ಲಿ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ದಿನದಲ್ಲಿ ಬರುತ್ತಾರೆ, ಇವಕ್ಕೆ ಮನೆ ತೋರಿಸುವವರು ಬಾಯಲ್ಲಿ ಹೇಳಿದ ಉತ್ತರವನ್ನೇ ಅದೇ ದಿನ ಇಮೇಲ್‌ನಲ್ಲಿ ಬರೆದು, ಸರಿಯಾ ಅಂತ ಕೇಳಿ ಕಳಿಸಿ, ಅವರ "ಹೌದು" ಬಂದ ಮೇಲೆ ಅಡ್ವಾನ್ಸ್ ಕೊಡಿ.